ಅದೇ ಎದುರಾಳಿ, ಎರಡನೇ ಸಲ

ಮೂರನೇ ಸೆಮಿಸ್ಟರಿನ ಗಣಿತದಲ್ಲಿ ಫೇಲಾದಾಗ ನನಗೆ ಊರಿಗೆ ಹೋಗುವ ಮನಸ್ಸೇ ಆಗಲಿಲ್ಲ. ರಿಸಲ್ಟ್ ಬಂದ ರಾತ್ರಿ ಹಾಸ್ಟೆಲಿನ ಗೆಳೆಯರು ‘ಮೈದಾನ್’ ಸಿನಿಮಾ ಹಚ್ಚಿಕೊಂಡು ಕುಳಿತಿದ್ದರು. ಮನಸ್ಸಿಲ್ಲದ ಮನಸ್ಸಿನಿಂದ ನಾನೂ ಪಕ್ಕದಲ್ಲಿ ಕುಳಿತೆ. ಅದರಲ್ಲಿ ಅಜಯ್ ದೇವಗನ್ ಮಾಡಿರುವುದು ಫುಟ್‌ಬಾಲ್ ಕೋಚ್ ಸೈಯದ್ ಅಬ್ದುಲ್ ರಹೀಮ್ ಅವರ ಪಾತ್ರ. ಆ ಹೆಸರನ್ನು ನಾನು ಅಲ್ಲಿಯವರೆಗೆ ಕೇಳಿರಲೇ ಇಲ್ಲ.

ಹಬ್ಬಕ್ಕೆ ಮಂಠಾಳಕ್ಕೆ ಹೋದಾಗ ಮುತ್ಯಾನ ಮುಂದೆ ಆ ಹೆಸರು ಎತ್ತಿದೆ. ಮುತ್ಯಾ ಶಾಲೆಗೆ ಸೇರಿದ ಕಾಲಕ್ಕೆ ನಮ್ಮ ಬೀದರ್ ಜಿಲ್ಲೆ ಹೈದರಾಬಾದಿಗೆ ಸೇರಿತ್ತು. ಕಚೇರಿಗೂ ಹೈದರಾಬಾದ್, ದವಾಖಾನೆಗೂ ಹೈದರಾಬಾದ್. ಅಲ್ಲಿನ ಪೊಲೀಸ್ ಟೀಮು ಮುಂಬೈಗೆ ಹೋಗಿ ಕಪ್ ಗೆದ್ದು ಬಂದದ್ದನ್ನು ದೊಡ್ಡವರು ಕಟ್ಟೆಯ ಮೇಲೆ ಕುಳಿತು ಮಾತಾಡುತ್ತಿದ್ದುದು ಆತನಿಗೆ ಇನ್ನೂ ನೆನಪಿದೆ. ಆ ಟೀಮನ್ನು ತಯಾರು ಮಾಡಿದವರೇ ರಹೀಮ್. ಸಿನಿಮಾದಲ್ಲಿ ಎಷ್ಟು ನಿಜ, ಎಷ್ಟು ಕಟ್ಟಿದ್ದು ಎಂದು ತಿಳಿಯಲು ಹೊರಟ ನನಗೆ ಅವರ ಬದುಕೇ ಒಂದು ಪಾಠವಾಯಿತು.

ರಹೀಮ್ ಹುಟ್ಟಿದ್ದು 1909ರ ಆಗಸ್ಟ್ 17ರಂದು, ಹೈದರಾಬಾದಿನಲ್ಲಿ. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದುವಾಗ ಅಲ್ಲಿನ ತಂಡಕ್ಕೆ ಆಡಿದರು. ಮುಂದೆ ಊರಿನ ಕ್ಲಬ್ಬಿಗೂ ಆಡಿದರು. ಆದರೆ ಆಟಗಾರರಾಗಿ ಅವರ ಹೆಸರು ಹೈದರಾಬಾದಿನ ಆಚೆ ಹೆಚ್ಚು ಹಬ್ಬಲಿಲ್ಲ, ಭಾರತ ತಂಡದಲ್ಲಿ ಆಡುವ ಅವಕಾಶ ಸಿಗಲಿಲ್ಲ. ಪದವಿ ಮುಗಿಸಿ ಶಾಲಾ ಮಾಸ್ತರರಾದರು. ನಂತರ ದೈಹಿಕ ಶಿಕ್ಷಣದ ತರಬೇತಿ ಪಡೆದು ಮಕ್ಕಳಿಗೆ ಆಟ ಕಲಿಸಿದರು. 1943ರಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದವರು ಸಾಯುವವರೆಗೂ ಆ ಹೊಣೆ ಬಿಡಲಿಲ್ಲ.

ಅವರು ಕಲಿಸುತ್ತಿದ್ದ ರೀತಿ ನನಗೆ ಬಹಳ ಹಿಡಿಸಿತು. ನಮ್ಮ ಹುಡುಗರಿಗೆ ಚೆಂಡು ಸಿಕ್ಕರೆ ಯಾರಿಗೂ ಕೊಡುವುದಿಲ್ಲ, ಒಬ್ಬರೇ ಎಲ್ಲರನ್ನೂ ದಾಟಿ ಹೋಗಿ ಗೋಲು ಹೊಡೆಯಬೇಕು ಎನ್ನುವ ಚಟ. ಇದಕ್ಕೆ ರಹೀಮ್ ಬೈದು ಭಾಷಣ ಮಾಡಲಿಲ್ಲ. ಡ್ರಿಬಲ್ ಮಾಡುವುದೇ ನಿಷಿದ್ಧ ಎಂಬ ನಿಯಮದ ಟೂರ್ನಿಗಳನ್ನೇ ನಡೆಸಿದರು. ಚೆಂಡು ಬಂದ ಕೂಡಲೇ ಜೊತೆಗಾರನಿಗೆ ದಾಟಿಸಲೇಬೇಕು. ಇನ್ನೊಂದು ಟೂರ್ನಿಯಲ್ಲಿ ಬಲಹೀನವಾದ ಕಾಲಿನಿಂದ ಮಾತ್ರ ಒದೆಯಬೇಕು. ಯಾವುದು ಬರುವುದಿಲ್ಲವೋ ಅದನ್ನೇ ಮಾಡಿಸುವುದು ಈ ಮಾಸ್ತರರ ಪದ್ಧತಿಯಾಗಿತ್ತು.

ಇದರ ಫಲ ಬೇಗ ಕಂಡಿತು. ಅವರು ತರಬೇತಿ ಕೊಟ್ಟ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ವರ್ಷ ಮುಂಬೈನ ರೋವರ್ಸ್ ಕಪ್ ಗೆದ್ದಿತು. ಕಲ್ಕತ್ತೆಯ ದೊಡ್ಡ ಕ್ಲಬ್ಬುಗಳೆಲ್ಲ ತಿರುಗಿ ನೋಡುವಂತಾಯಿತು. ರಾಷ್ಟ್ರೀಯ ತಂಡದ ಹೊಣೆಯೂ ಅವರ ಹೆಗಲಿಗೆ ಬಂತು. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಮೇವಾಲಾಲ್ ಹೊಡೆದ ಒಂದೇ ಗೋಲಿನಿಂದ ಭಾರತ ಇರಾನ್ ತಂಡವನ್ನು ಸೋಲಿಸಿ ಚಿನ್ನ ಗೆದ್ದಿತು.

ಆಮೇಲೆ ಬಂದದ್ದು 1952ರ ಹೆಲ್ಸಿಂಕಿ ಒಲಿಂಪಿಕ್ಸ್. ಎದುರಾಳಿ ಯುಗೊಸ್ಲಾವಿಯಾ. ಅಲ್ಲಿನ ಚಳಿಯಲ್ಲಿ ನಮ್ಮ ಆಟಗಾರರಲ್ಲಿ ಅನೇಕರು ಬರಿಗಾಲಿನಲ್ಲೇ ಆಡಿದರು. ಭಾರತ ಸೋತದ್ದು 1–10 ಗೋಲುಗಳಿಂದ. ನನ್ನ ಗಣಿತದ ಅಂಕಗಳೂ ಇದರ ಮುಂದೆ ಗೌರವವಾಗಿ ಕಂಡವು!

ಇಂಥ ಸೋಲಿನ ನಂತರ ನೆಪ ಹುಡುಕುವುದು ಸುಲಭ. ಚಳಿ ಇತ್ತು, ಎದುರಾಳಿ ಬಲಿಷ್ಠ ಎನ್ನಬಹುದಿತ್ತು. ನಿಜಕ್ಕೂ ಆ ಯುಗೊಸ್ಲಾವಿಯಾ ಬೆಳ್ಳಿ ಗೆದ್ದ ತಂಡ. ಆದರೆ ಸೋಲಿನ ಕಾರಣ ನಮ್ಮಲ್ಲೇ ಇತ್ತು. ಬರಿಗಾಲ ಆಟದ ಕಾಲ ಮುಗಿದಿತ್ತು. ಹಿಂದೆ ಇಬ್ಬರೇ ನಿಂತು ಗೋಲು ಕಾಯುವ ಹಳೇ ಪದ್ಧತಿಯೂ ಯುರೋಪಿನ ವೇಗದ ಮುಂದೆ ನಿಲ್ಲುವಂತಿರಲಿಲ್ಲ. ಬೂಟು ಕಡ್ಡಾಯವಾಯಿತು. ಹಿಂದಿನ ಸಾಲಿಗೆ ಮೂರನೆಯವನು ಬಂದ. ಪಾಸು, ವೇಗ, ದಮ್ಮು ಇವುಗಳ ಮೇಲೆ ರಹೀಮ್ ಹುಡುಗರನ್ನು ಮತ್ತೆ ತಿದ್ದತೊಡಗಿದರು.

ನಾಲ್ಕು ವರ್ಷ ಕಳೆಯಿತು. 1956ರ ನವೆಂಬರ್ 1ರಂದು ನಮ್ಮ ಬೀದರ್ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅದೇ ತಿಂಗಳು ಮೆಲ್ಬರ್ನ್ ಒಲಿಂಪಿಕ್ಸ್ ಶುರುವಾಯಿತು. ನಮ್ಮ ಹಳೇ ರಾಜಧಾನಿಯ ಮಾಸ್ತರರು ಕೋಚ್, ನಮ್ಮ ಹೊಸ ರಾಜಧಾನಿ ಬೆಂಗಳೂರಿನ ಮೈದಾನಗಳಲ್ಲಿ ಬೆಳೆದ ಕೆಂಪಯ್ಯ ತಂಡದಲ್ಲಿ ಒಬ್ಬರು. ಕ್ವಾರ್ಟರ್ ಫೈನಲ್‌ನಲ್ಲಿ ಭಾರತ ಆತಿಥೇಯ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿತು. ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು. ಒಲಿಂಪಿಕ್ಸ್ ಫುಟ್‌ಬಾಲಿನ ಸೆಮಿಫೈನಲ್ ತಲುಪಿದ ಏಷ್ಯಾದ ಮೊದಲ ತಂಡ ನಮ್ಮದಾಯಿತು.

ಸೆಮಿಫೈನಲ್‌ನಲ್ಲಿ ಎದುರಿಗೆ ನಿಂತದ್ದು ಅದೇ ಯುಗೊಸ್ಲಾವಿಯಾ. ಮೊದಲರ್ಧದಲ್ಲಿ ಭಾರತ ಒಂದೂ ಗೋಲು ಬಿಟ್ಟುಕೊಡಲಿಲ್ಲ. ವಿರಾಮದ ನಂತರ ಮೊದಲ ಗೋಲು ಹೊಡೆದದ್ದೂ ಭಾರತವೇ. ಕೊನೆಗೆ 1–4ರಿಂದ ಸೋತೆವು, ಕಂಚಿನ ಪಂದ್ಯದಲ್ಲಿ ಬಲ್ಗೇರಿಯಾಕ್ಕೂ ಸೋತು ನಾಲ್ಕನೇ ಸ್ಥಾನಕ್ಕೆ ನಿಂತೆವು. ಪಟ್ಟಿಯಲ್ಲಿ ಎರಡೂ ಸಲ ಯುಗೊಸ್ಲಾವಿಯಾ ಎದುರು ಸೋಲು ಎಂದೇ ಬರೆದಿದೆ. ಆದರೆ ಹತ್ತು ಗೋಲು ತಿಂದ ತಂಡ ನಾಲ್ಕು ವರ್ಷಕ್ಕೆ ಅದೇ ಎದುರಾಳಿಗಿಂತ ಸ್ವಲ್ಪ ಹೊತ್ತಾದರೂ ಮುಂದಿತ್ತು. ನಡುವೆ ಎಷ್ಟು ಬೆಳಗಿನ ಜಾವಗಳ ಅಭ್ಯಾಸ ಇದ್ದಿರಬೇಕು ಎಂದು ನಾನು ಯೋಚಿಸುತ್ತೇನೆ.

1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಜೊತೆ 1–1ರ ಸಮ ಮಾಡಿಕೊಂಡರೂ ಭಾರತ ಮುಂದಿನ ಸುತ್ತಿಗೆ ಹೋಗಲಿಲ್ಲ. ಆ ತಂಡದಲ್ಲಿ ರಹೀಮ್ ಅವರ ಮಗ ಸೈಯದ್ ಶಾಹಿದ್ ಹಕೀಮ್ ಕೂಡ ಇದ್ದರು. ಆದರೆ ಒಂದು ಪಂದ್ಯದಲ್ಲೂ ಆಡುವ ಸರದಿ ಬರಲಿಲ್ಲ. ಹನ್ನೊಂದು ಮಂದಿಯನ್ನು ಆರಿಸುವಲ್ಲಿ ತಂದೆಯ ಮಾತೇ ದೊಡ್ಡದಾಗಿದ್ದರೂ ಮಗ ಹೊರಗೇ ಕುಳಿತ. ಯಾವ ಕೆಲಸಕ್ಕೆ ಅರ್ಜಿ ಹಾಕಿದರೂ ವಶೀಲಿ ಯಾರದು ಎಂದು ಕೇಳುವ ನಮ್ಮ ಕಾಲದಲ್ಲಿ ಈ ಒಂದು ಸಂಗತಿ ನನ್ನ ಮನಸ್ಸಿನಿಂದ ಹೋಗುತ್ತಿಲ್ಲ.

ಕೊನೆಯ ಅಧ್ಯಾಯ 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟ. ಆ ಹೊತ್ತಿಗೆ ರಹೀಮ್ ಅವರ ದೇಹವನ್ನು ಶ್ವಾಸಕೋಶದ ಕ್ಯಾನ್ಸರ್ ತಿನ್ನುತ್ತಿತ್ತು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ವಿರುದ್ಧ 0–2 ಸೋಲು. ಥಾಯ್ಲೆಂಡ್, ಜಪಾನ್ ತಂಡಗಳನ್ನು ಸೋಲಿಸಿ ತಂಡ ಚೇತರಿಸಿಕೊಂಡಿತು. ಆದರೆ ಥಾಯ್ಲೆಂಡ್ ಪಂದ್ಯದಲ್ಲಿ ಹಿಂದಿನ ಸಾಲಿನ ಆಧಾರವಾಗಿದ್ದ ಜರ್ನೈಲ್ ಸಿಂಗ್ ಅವರ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಿತ್ತು. ಹಿಂದೆ ನಿಲ್ಲಿಸಿದರೆ ಅಪಾಯ, ಕೈಬಿಟ್ಟರೆ ನಷ್ಟ. ರಹೀಮ್ ಅವರನ್ನು ಮುಂದಿನ ಸಾಲಿಗೆ ಕಳಿಸಿದರು. ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಂ ವಿರುದ್ಧ ಜರ್ನೈಲ್ ಗೋಲು ಹೊಡೆದರು, ಭಾರತ 3–2ರಿಂದ ಗೆದ್ದಿತು.

ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ಎದುರಾಳಿ ಮತ್ತೆ ಅದೇ ದಕ್ಷಿಣ ಕೊರಿಯಾ. ಇಸ್ರೇಲ್ ಮತ್ತು ತೈವಾನ್ ತಂಡಗಳನ್ನು ಹೊರಗಿಟ್ಟದ್ದನ್ನು ಭಾರತದ ಅಧಿಕಾರಿಯೊಬ್ಬರು ಪ್ರಶ್ನಿಸಿದ್ದರಿಂದ ಜಕಾರ್ತಾದ ಜನ ನಮ್ಮ ಮೇಲೆ ಸಿಟ್ಟಾಗಿದ್ದರು. ಸುಮಾರು 1 ಲಕ್ಷ ಜನರಿದ್ದ ಮೈದಾನ ಭಾರತದ ವಿರುದ್ಧ ಕೂಗುತ್ತಿತ್ತು. ಆ ಗದ್ದಲದಲ್ಲಿ ಪಿ.ಕೆ. ಬ್ಯಾನರ್ಜಿ ಒಂದು, ಹೊಲಿಗೆ ಬಿದ್ದ ತಲೆಯ ಜರ್ನೈಲ್ ಇನ್ನೊಂದು ಗೋಲು ಹೊಡೆದರು. ಚುನಿ ಗೋಸ್ವಾಮಿ ನಾಯಕತ್ವದ ತಂಡ 2–1ರಿಂದ ಚಿನ್ನ ಗೆದ್ದಿತು. ಮುಂದಿನ ವರ್ಷ ಜೂನ್ 11ರಂದು ರಹೀಮ್ ತೀರಿಕೊಂಡರು. ವಯಸ್ಸು 53. ಆಮೇಲೆ ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್ ಚಿನ್ನ ಭಾರತಕ್ಕೆ ಮತ್ತೆ ಬಂದಿಲ್ಲ.

ರಹೀಮ್ ಅವರ ಕಥೆಯಲ್ಲಿ ನಾನು ಹೆಚ್ಚು ಓದುವುದು ಚಿನ್ನದ ಪುಟಗಳನ್ನಲ್ಲ, ಎರಡನೇ ಸಲದ ಪುಟಗಳನ್ನು. ಸೋಲಿಸಿದ ತಂಡವೇ ಮತ್ತೆ ಎದುರಾದಾಗ ಅವರ ಹುಡುಗರು ಮೊದಲಿನಂತೆ ಇರುತ್ತಿರಲಿಲ್ಲ. ಒಮ್ಮೆ ನಾಲ್ಕು ವರ್ಷ ಸಿಕ್ಕಿತು, ಇನ್ನೊಮ್ಮೆ ಕೆಲವೇ ದಿನ. ಸಮಯ ಎಷ್ಟೇ ಸಿಗಲಿ, ಎಲ್ಲಿ ತಪ್ಪಿತು ಎಂದು ನೋಡಿ ಅದನ್ನು ತಿದ್ದುವುದು ಮಾತ್ರ ತಪ್ಪಲಿಲ್ಲ.

ಹಬ್ಬ ಮುಗಿಸಿ ಬಂದ ಮೇಲೆ ನನ್ನ ಉತ್ತರ ಪತ್ರಿಕೆಯ ಝೆರಾಕ್ಸ್ ತರಿಸಿಕೊಂಡೆ. ಅಲ್ಲಿಯವರೆಗೆ ಪೇಪರ್ ಬಿಗಿಯಾಗಿ ತಿದ್ದಿದ್ದಾರೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ತೆರೆದು ನೋಡಿದರೆ ಫೂರಿಯರ್ ಸರಣಿಯ ಲೆಕ್ಕಗಳನ್ನು ನಾನು ಮುಟ್ಟಿಯೇ ಇರಲಿಲ್ಲ. ಬರುವುದಿಲ್ಲವೆಂದು ಬಿಟ್ಟಿದ್ದೆ. ನನ್ನ ಬಲಹೀನವಾದ ಕಾಲು ಯಾವುದೆಂದು ಗೊತ್ತಾಯಿತು. ಈಗ ದಿನಾ ಬೆಳಿಗ್ಗೆ ಆ ಲೆಕ್ಕಗಳನ್ನೇ ಮೊದಲು ಮಾಡುತ್ತಿದ್ದೇನೆ. ಮುಂದಿನ ತಿಂಗಳು ಪರೀಕ್ಷೆ. ಎದುರಾಳಿ ಅದೇ.