ಕರ್ಮಯೋಗಿ ಶ್ರೀ ಹರ್ಡೇಕರ ಮಂಜಪ್ಪನವರು

ಕನ್ನಡಿಗರು ಭಕ್ತಿಯಿಂದ ಕರ್ನಾಟಕದ ಗಾಂಧಿಯೆಂದು ಕರೆದ ಶ್ರೀ ಹರ್ಡೇಕರ ಮಂಜಪ್ಪನವರು 1886ನೆಯ ಇಸವಿ ಫೆಬ್ರುವರಿ 18ರಂದು ಬನವಾಸಿಯ ಒಂದು ಬಡ ಲಿಂಗವಂತ ಮನೆತನದಲ್ಲಿ ಜನಿಸಿದರು. ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ ಶಿರಸಿಯಲ್ಲಿ ಶಿಕ್ಷಕರಾದರು. 1905ರಲ್ಲಿ ವಂಗದೇಶದ ವಿಭಜನೆಯಾಗಿ ಸ್ವದೇಶಿ ಚಳವಳಿಯು ನಾಡೆಲ್ಲ ಹಬ್ಬಲು, ಪರಸರಕಾರದ ಸಂಬಳವನ್ನುಣ್ಣುವುದು ಅವರಿಗೆ ಸಹ್ಯವಾಗಲಿಲ್ಲ. ಮನೆಯ ಬಡತನವನ್ನು ಬಲ್ಲವರಾಗಿಯೂ ಆ ಕೆಲಸವನ್ನು ತೊರೆದು, 1906ರಲ್ಲಿ ದಾವಣಗೆರೆಯಿಂದ ‘ಧನುರ್ಧಾರಿ’ ಎಂಬ ವಾರಪತ್ರಿಕೆಯನ್ನು ಹೊರಡಿಸತೊಡಗಿದರು. ಪತ್ರಿಕೆಯ ಹೆಸರಿನಲ್ಲಿ ಬಿಲ್ಲಿದ್ದರೂ ಸಂಪಾದಕರ ಕೈಯಲ್ಲಿದ್ದುದು ಲೇಖನಿಯೊಂದೇ.

ಮುಂದೆ ಅವರು ಆಜನ್ಮ ಬ್ರಹ್ಮಚರ್ಯವ್ರತವನ್ನು ಕೈಕೊಂಡರು. ದಾವಣಗೆರೆಯ ವಿರಕ್ತಮಠದ ಶ್ರೀ ಮೃತ್ಯುಂಜಯಪ್ಪಗಳೊಡನೆ ಕೂಡಿ ಶ್ರಾವಣಮಾಸದ ಭಜನೆ ಉಪನ್ಯಾಸಗಳನ್ನು ನಡೆಯಿಸಿದರು. 1913ರಲ್ಲಿ ಬಸವಜಯಂತಿಯನ್ನು ಸಾರ್ವಜನಿಕ ಉತ್ಸವವನ್ನಾಗಿ ಆಚರಿಸಿದರು. ಇಂದು ಬಸವೇಶ್ವರನಗರ, ರಾಜಾಜಿನಗರ, ವಿಜಯನಗರ, ಕೆಂಗೇರಿಗಳಲ್ಲಿ ನೆರೆಯುವ ಭಕ್ತರು ಆಚರಿಸುವ ಜಯಂತಿಯ ಮೂಲವು ಅಲ್ಲಿದೆಯೆಂಬುದನ್ನು ನಾವು ಮರೆಯಲಾಗದು.

ಮಹಾತ್ಮಾ ಗಾಂಧಿಯವರ ಸತ್ಯಾಗ್ರಹವು ಅವರಿಗೆ ಹೊರಗಿನಿಂದ ಬಂದ ನೂತನ ತತ್ತ್ವವಾಗಿ ತೋರಲಿಲ್ಲ. ದಯೆಯೇ ಧರ್ಮದ ತಳಹದಿಯೆಂದೂ ಕಾಯಕವೇ ಶ್ರೇಷ್ಠವೆಂದೂ ಸಾರಿದ ಶರಣರ ಮಾರ್ಗವೇ ಅದರಲ್ಲಿ ಅವರಿಗೆ ಕಂಡುಬಂದಿತು. ಆದುದರಿಂದ ಅವರು ಸಾಬರಮತಿಯ ಆಶ್ರಮಕ್ಕೆ ಹೋಗಿ ಅಲ್ಲಿಯ ಜೀವನಕ್ರಮವನ್ನು ಕಂಡರು. ಹರಿಹರದಲ್ಲಿ ಸತ್ಯಾಗ್ರಹಾಶ್ರಮವನ್ನು ಸ್ಥಾಪಿಸಿದರು. ಊರೂರು ತಿರುಗಿ ಖಾದಿಯ ಮಹಿಮೆಯನ್ನು ಬೋಧಿಸಿದರು. 1924ರಲ್ಲಿ ಬೆಳಗಾವಿಯಲ್ಲಿ ಗಾಂಧಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಮಹಾಸಭೆಯು ನೆರೆದಾಗ, ಬಸವಣ್ಣನವರ ಹೆಸರಿನ ಸೇವಾದಳವನ್ನು ಕಟ್ಟಿಕೊಂಡು ಸೇವೆಗೆ ನಿಂತರು. ದೇಶಸೇವೆಯೂ ಧರ್ಮಸೇವೆಯೂ ಅವರಲ್ಲಿ ಹೀಗೆ ಒಂದಾದುವು.

ಮಾತಿಗಿಂತ ಕೃತಿಯೇ ಮೇಲೆಂದು ನಂಬಿದ್ದ ಅವರು 1927ರಲ್ಲಿ ಕೃಷ್ಣಾತೀರದ ಆಲಮಟ್ಟಿಯಲ್ಲಿ ವಿದ್ಯಾಲಯವನ್ನು ತೆರೆದರು. ಅಕ್ಷರದೊಡನೆ ಮೈದುಡಿಮೆಯನ್ನೂ ಕಲಿಸುವುದು ಅದರ ಗುರಿಯಾಗಿತ್ತು. ತಮಗಾಗಿ ಮನೆಯನ್ನಾಗಲಿ ಧನವನ್ನಾಗಲಿ ಕೂಡಿಡದೆ, ಅನೇಕ ಗ್ರಂಥಗಳನ್ನು ರಚಿಸಿ, 1947ನೆಯ ಇಸವಿ ಜನವರಿ 3ರಂದು ಲಿಂಗೈಕ್ಯರಾದರು. ನಾಲ್ಕು ದಶಕಗಳ ಕಾಲ ಹಂಬಲಿಸಿದ ಸ್ವಾತಂತ್ರ್ಯವು ಬರಲು ಆಗ ಎಂಟು ತಿಂಗಳೂ ಉಳಿದಿರಲಿಲ್ಲ. ಫಲವನ್ನು ಕಾಣುವ ಭಾಗ್ಯವು ಅವರಿಗೆ ಒದಗಲಿಲ್ಲವಾದರೂ ಫಲಾಪೇಕ್ಷೆಯಿಂದ ದುಡಿದವರು ಅವರಲ್ಲ.

ಉತ್ಸವವು ಉಳಿದು ಕಾಯಕವು ಅಳಿದರೆ ಅವರ ಶ್ರಮವು ಅರ್ಧವೇ ಸಾರ್ಥಕವಾದಂತೆ. ಸದ್ಭಕ್ತರು ಜಯಂತಿಯ ಪಲ್ಲಕ್ಕಿಗೆ ಹೆಗಲು ಕೊಡುವಾಗ, ದ್ವೇಷವಿಲ್ಲದೆ ಅನ್ಯಾಯವನ್ನೆದುರಿಸಿದ ಈ ಮಹನೀಯರ ವ್ರತಕ್ಕೂ ಹೆಗಲು ಕೊಡಲಿ.