ಬಿಡಿ ಮತ್ತು ಇಡಿ: ವೋಲ್ಫ್‌ಗಾಂಗ್ ಕೊಹ್ಲರ್ ಅವರ ಬದುಕು

ಕಲಿಕೆಯೆಂದರೆ ಬಿಡಿಬಿಡಿ ಅಭ್ಯಾಸಗಳು ಒಂದರ ಮೇಲೊಂದು ಕೂಡಿಬರುವುದೇ, ಅಥವಾ ಬಿಡಿಗಳ ನಡುವಣ ಸಂಬಂಧವು ಇಡಿಯಾಗಿ ಹೊಳೆಯುವುದೇ? ಶಿಕ್ಷಣ ಮನೋವಿಜ್ಞಾನದ ಪಠ್ಯಪುಸ್ತಕಗಳಲ್ಲಿ ಈ ಪ್ರಶ್ನೆ ಎರಡು ಚಿತ್ರಗಳಾಗಿ ಉಳಿದುಕೊಂಡಿದೆ. ಒಂದು, ಪೆಟ್ಟಿಗೆಯ ಅಗುಳಿಯನ್ನು ಸರಿಸಿ ಹೊರಬರಲು ಹೆಣಗುವ ಬೆಕ್ಕಿನದು. ಇನ್ನೊಂದು, ಎರಡು ಬಿದಿರುಕೋಲುಗಳನ್ನು ಒಂದರೊಳಗೊಂದು ಸೇರಿಸಿ ಬಾಳೆಹಣ್ಣನ್ನು ಎಳೆದುಕೊಳ್ಳುವ ಚಿಂಪಾಂಜಿಯದು. ಪರೀಕ್ಷೆಯ ಉತ್ತರಕ್ಕಾಗಿ ಈ ಚಿಂಪಾಂಜಿಯ ಹೆಸರನ್ನು ನೆನಪಿಟ್ಟುಕೊಂಡವರು ಬಹಳ. ಅದನ್ನು ಎದುರಿಗೆ ಕುಳಿತು ನೋಡಿದ ವ್ಯಕ್ತಿಯ ಬದುಕನ್ನು ಅರಿತವರು ಕಡಮೆ. ವೋಲ್ಫ್‌ಗಾಂಗ್ ಕೊಹ್ಲರ್ ಅವರದು ಪ್ರಯೋಗಶಾಲೆಯ ನಾಲ್ಕು ಗೋಡೆಗಳೊಳಗೆ ಮುಗಿದ ಬದುಕಲ್ಲ. ವಿದ್ವತ್ತಿಗೂ ವಿದ್ವಾಂಸನ ನಡತೆಗೂ ಇರುವ ಸಂಬಂಧವನ್ನು ಕುರಿತು ಯೋಚಿಸುವವರಿಗೆ ಅದು ಇಂದಿಗೂ ಪ್ರಸ್ತುತವಾದುದು.

ಕೊಹ್ಲರ್ ಜನಿಸಿದ್ದು 1887ರ ಜನವರಿ 21ರಂದು, ಬಾಲ್ಟಿಕ್ ಸಮುದ್ರತೀರದ ರೆವಾಲ್ ಪಟ್ಟಣದಲ್ಲಿ. ಅಂದು ರಷ್ಯಾ ಚಕ್ರಾಧಿಪತ್ಯಕ್ಕೆ ಸೇರಿದ್ದ ಆ ಊರು ಇಂದು ಟ್ಯಾಲಿನ್ ಎಂಬ ಹೆಸರಿನಿಂದ ಎಸ್ಟೋನಿಯದ ರಾಜಧಾನಿಯಾಗಿದೆ. ಮನೆಯವರು ಜರ್ಮನ್ ಮೂಲದವರು. ಬಾಲಕನಿಗೆ ಆರು ವರ್ಷವಾಗಿದ್ದಾಗ ಕುಟುಂಬವು ಜರ್ಮನಿಗೆ ಬಂದು ನೆಲೆಸಿತು. ವೋಲ್ಫೆನ್‌ಬ್ಯುಟೆಲ್ ಎಂಬಲ್ಲಿ ಶಾಲಾ ಶಿಕ್ಷಣವಾದ ಮೇಲೆ ಕೊಹ್ಲರ್ ಟ್ಯುಬಿಂಗೆನ್, ಬಾನ್ ಮತ್ತು ಬರ್ಲಿನ್ ವಿಶ್ವವಿದ್ಯಾನಿಲಯಗಳಲ್ಲಿ ವ್ಯಾಸಂಗ ಮಾಡಿದರು. ಬರ್ಲಿನ್ನಿನಲ್ಲಿ ಅವರಿಗೆ ದೊರೆತ ಗುರುಗಳು ಇಬ್ಬರು: ಭೌತವಿಜ್ಞಾನದಲ್ಲಿ ಮ್ಯಾಕ್ಸ್ ಪ್ಲಾಂಕ್, ಮನೋವಿಜ್ಞಾನದಲ್ಲಿ ಕಾರ್ಲ್ ಸ್ಟುಂಫ್. ಸ್ಟುಂಫ್ ಅವರ ಮಾರ್ಗದರ್ಶನದಲ್ಲಿ ನಾದದ ಶ್ರವಣಾನುಭವವನ್ನು ಕುರಿತು ಪ್ರಬಂಧ ಬರೆದು 1909ರಲ್ಲಿ ಡಾಕ್ಟರೇಟ್ ಪಡೆದರು. ಭೌತವಿಜ್ಞಾನದ ಶಿಸ್ತು ಮತ್ತು ಸಂಗೀತದ ಕಿವಿ, ಈ ಎರಡೂ ಅವರ ಮುಂದಿನ ವಿಚಾರಗಳಿಗೆ ಬುನಾದಿಯಾದವು.

ಅಂದಿನ ಮನೋವಿಜ್ಞಾನವು ಅನುಭವವನ್ನು ಅಣುಗಳಂತಹ ಸಂವೇದನೆಗಳಾಗಿ ಒಡೆದು ನೋಡುತ್ತಿತ್ತು. ಕೆಂಪು ಎಂಬುದೊಂದು ಸಂವೇದನೆ, ದುಂಡು ಎಂಬುದು ಮತ್ತೊಂದು, ಇವುಗಳ ಮೊತ್ತವೇ ಹಣ್ಣಿನ ಗ್ರಹಿಕೆ ಎಂಬುದು ಆ ಮತ. ಈ ಲೆಕ್ಕಕ್ಕೆ ಸಿಗದ ಒಂದು ಸಂಗತಿಯನ್ನು ಕ್ರಿಶ್ಚಿಯನ್ ಫಾನ್ ಎಹ್ರನ್‌ಫೆಲ್ಸ್ 1890ರಲ್ಲೇ ಎತ್ತಿ ತೋರಿಸಿದ್ದರು. ಹಾಡಿನ ಶ್ರುತಿಯನ್ನು ಏರಿಸಿದಾಗ ಪ್ರತಿಯೊಂದು ಸ್ವರವೂ ಬೇರೆಯಾಗುತ್ತದೆ. ಆದರೂ ಕೇಳುವವನಿಗೆ ಹಾಡು ಅದೇ ಆಗಿರುತ್ತದೆ. ಹಾಗಾದರೆ ಹಾಡು ಇರುವುದು ಸ್ವರಗಳಲ್ಲಲ್ಲ, ಸ್ವರಗಳ ಸಂಬಂಧದಲ್ಲಿ. 1910ರ ಸುಮಾರಿಗೆ ಫ್ರಾಂಕ್‌ಫರ್ಟಿನಲ್ಲಿ ಸಹಾಯಕರಾಗಿದ್ದ ಕೊಹ್ಲರ್ ಅವರಿಗೆ ಮ್ಯಾಕ್ಸ್ ವರ್ತೈಮರ್ ಮತ್ತು ಕುರ್ಟ್ ಕಾಫ್ಕ ಅವರ ಸಖ್ಯ ಒದಗಿತು. ವರ್ತೈಮರ್ ಎರಡು ಗೆರೆಗಳನ್ನು ಅತ್ಯಲ್ಪ ಕಾಲದ ಅಂತರದಲ್ಲಿ ಒಂದಾದ ಮೇಲೊಂದು ತೋರಿಸುತ್ತಿದ್ದರು. ನೋಡುವವರಿಗೆ ಎರಡು ಗೆರೆಗಳ ಬದಲು ಒಂದೇ ಗೆರೆ ಸರಿದಂತೆ ಕಾಣುತ್ತಿತ್ತು. ನೋಡುವವರಾಗಿ ಕುಳಿತವರಲ್ಲಿ ಕೊಹ್ಲರ್, ಕಾಫ್ಕ ಇಬ್ಬರೂ ಇದ್ದರು. ದೀಪಾವಳಿಯಲ್ಲಿ ಅಂಗಡಿಗಳ ಮುಂದೆ ಓಡುವ ದೀಪಸಾಲಿನಲ್ಲಿಯೂ ಚಲನಚಿತ್ರದಲ್ಲಿಯೂ ನಾವು ಕಾಣುವ ಚಲನೆ ಈ ಬಗೆಯದೇ. ಹೊರಗಿನ ಯಾವ ಬಿಡಿಯಲ್ಲಿಯೂ ಇಲ್ಲದ ಚಲನೆಯು ಇಡಿಯಲ್ಲಿ ಕಾಣಿಸಿಕೊಳ್ಳುತ್ತದೆ. ಈ ಪ್ರಯೋಗದ ವರದಿ 1912ರಲ್ಲಿ ಪ್ರಕಟವಾದಾಗ ಗೆಸ್ಟಾಲ್ಟ್ ಪಂಥವು ಆರಂಭವಾಯಿತೆಂದು ಇತಿಹಾಸಕಾರರು ಹೇಳುತ್ತಾರೆ. ಗೆಸ್ಟಾಲ್ಟ್ ಎಂದರೆ ಆಕೃತಿ, ಭಾಗಗಳಿಗೆ ಸ್ಥಾನವನ್ನೂ ಅರ್ಥವನ್ನೂ ಕೊಡುವ ಸಮಗ್ರ ರೂಪ.

ಕಾವ್ಯಮೀಮಾಂಸೆಯನ್ನು ಓದಿದವರಿಗೆ ಇಲ್ಲಿ ಆನಂದವರ್ಧನನ ನೆನಪಾಗದಿರದು. ಅಂಗನೆಯ ಒಂದೊಂದು ಅವಯವಕ್ಕಿಂತ ಬೇರೆಯಾಗಿ ತೋರುವ ಲಾವಣ್ಯಕ್ಕೆ ಆತ ಕಾವ್ಯದ ಪ್ರತೀಯಮಾನಾರ್ಥವನ್ನು ಹೋಲಿಸಿದ್ದಾನೆ. ಎರಡೂ ಒಂದೇ ಸಿದ್ಧಾಂತವೆಂದು ಹೇಳಲಾಗದು. ಕಾಶ್ಮೀರದ ಆಲಂಕಾರಿಕನ ಗಮನ ಸಹೃದಯನ ಅನುಭವದ ಮೇಲೆ. ಗೆಸ್ಟಾಲ್ಟ್ ಪಂಥದವರ ಹಟ, ಅಂಥ ಅನುಭವವನ್ನು ಪ್ರಯೋಗದಿಂದ ಪರೀಕ್ಷಿಸಬೇಕೆಂಬುದರ ಮೇಲೆ. ಮನುಷ್ಯನಲ್ಲಿ ಮಾತ್ರವೇ ಇಂಥ ಇಡಿಯ ಅರಿವು ಇರುವುದೋ, ಪ್ರಾಣಿಗಳಲ್ಲಿಯೂ ಇರುವುದೋ ಎಂಬ ಪ್ರಶ್ನೆ ಉಳಿದಿತ್ತು. ಅದನ್ನು ಕೈಗೆತ್ತಿಕೊಳ್ಳುವ ಅವಕಾಶ ಕೊಹ್ಲರ್ ಅವರಿಗೆ ಬಂದಿತು.

ಪ್ರಷ್ಯನ್ ವಿಜ್ಞಾನ ಅಕಾಡೆಮಿಯು ಆಫ್ರಿಕದ ಕರಾವಳಿಗೆ ಸಮೀಪದ, ಸ್ಪೇನಿಗೆ ಸೇರಿದ ಟೆನೆರೀಫ್ ದ್ವೀಪದಲ್ಲಿ ವಾನರಗಳ ಅಧ್ಯಯನಕೇಂದ್ರವೊಂದನ್ನು ತೆರೆದಿತ್ತು. ಕೊಹ್ಲರ್ 1913ರ ಕೊನೆಯಲ್ಲಿ ಅದರ ನಿರ್ದೇಶಕರಾಗಿ ಅಲ್ಲಿಗೆ ಹೋದರು. ಮರುವರ್ಷ ಮಹಾಯುದ್ಧ ಆರಂಭವಾಗಿ ಸಮುದ್ರಮಾರ್ಗ ಮುಚ್ಚಿಹೋಯಿತು. ಅಲ್ಪಕಾಲದ ಕೆಲಸಕ್ಕೆಂದು ಹೋದವರು 1920ರವರೆಗೆ ದ್ವೀಪದಲ್ಲೇ ಉಳಿಯಬೇಕಾಯಿತು. ಅವರು ಜರ್ಮನಿಯ ಗೂಢಚಾರರಿರಬಹುದೆಂಬ ಸಂಶಯವೂ ಆ ದಿನಗಳಲ್ಲಿ ಹರಡಿತ್ತು. ಈ ಒತ್ತಾಯದ ವಾಸದಲ್ಲಿಯೇ ಅವರ ಹೆಸರನ್ನು ಉಳಿಸಿದ ಪ್ರಯೋಗಗಳು ನಡೆದವು.

ಪ್ರಾಣಿಗಳ ಕಲಿಕೆಯನ್ನು ಕುರಿತು ಆಗ ಪ್ರಬಲವಾಗಿದ್ದ ಮತ ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ ಅವರದು. 1898ರಲ್ಲಿ ಅವರು ಹಸಿದ ಬೆಕ್ಕುಗಳನ್ನು ಪೆಟ್ಟಿಗೆಗಳಲ್ಲಿ ಕೂಡಿ, ಅವು ಹೊರಬರಲು ತೆಗೆದುಕೊಂಡ ಕಾಲವನ್ನು ಅಳೆದಿದ್ದರು. ಬೆಕ್ಕು ಪರಚುತ್ತದೆ, ಕಚ್ಚುತ್ತದೆ, ಆಕಸ್ಮಿಕವಾಗಿ ಅಗುಳಿ ಸರಿಯುತ್ತದೆ. ಸಲಸಲಕ್ಕೆ ವ್ಯರ್ಥಚೇಷ್ಟೆಗಳು ಕಡಮೆಯಾಗಿ ಫಲ ಕೊಟ್ಟ ಚೇಷ್ಟೆ ಉಳಿಯುತ್ತದೆ. ಪ್ರಯತ್ನ ಮತ್ತು ಪ್ರಮಾದಗಳ ಈ ಕಲಿಕೆಯಲ್ಲಿ ತಿಳಿವಿಗೆ ಸ್ಥಾನವಿಲ್ಲ. ಕೊಹ್ಲರ್ ಅವರ ಆಕ್ಷೇಪ ಸರಳವಾಗಿತ್ತು. ಅಗುಳಿಗೂ ಬಾಗಿಲಿಗೂ ಇರುವ ಸಂಬಂಧ ಬೆಕ್ಕಿನ ಕಣ್ಣಿಗೆ ಬೀಳದಂತೆ ಪೆಟ್ಟಿಗೆಯನ್ನು ರಚಿಸಿದ ಮೇಲೆ, ಬೆಕ್ಕು ಕುರುಡಾಗಿ ತಡಕಾಡದೆ ಬೇರೇನು ಮಾಡೀತು? ಪ್ರಾಣಿಯ ಬುದ್ಧಿಯನ್ನು ಅಳೆಯಬೇಕಾದರೆ ಸಮಸ್ಯೆಯ ಎಲ್ಲ ಅಂಗಗಳೂ ಅದರ ದೃಷ್ಟಿಗೆ ಗೋಚರವಾಗಿರಬೇಕು. ಗುರಿಗೆ ನೇರದಾರಿ ಮುಚ್ಚಿದ್ದು ಬಳಸುದಾರಿ ಮಾತ್ರ ತೆರೆದಿರಬೇಕು. ಈ ತತ್ತ್ವದ ಮೇಲೆ ಅವರು ತಮ್ಮ ಪ್ರಯೋಗಗಳನ್ನು ಹೂಡಿದರು.

ಮೊದಲು ಬೇಲಿಯ ಪ್ರಯೋಗಗಳು. ಬೇಲಿಯಾಚೆ ಆಹಾರ ಕಂಡ ಕೋಳಿ ಅತ್ತಿಂದಿತ್ತ ಓಡಾಡಿ, ಆಕಸ್ಮಿಕವಾಗಿ ಅಂಚಿಗೆ ಬಂದರೆ ಮಾತ್ರ ದಾಟುತ್ತಿತ್ತು. ನಾಯಿ ಒಡನೆ ಹಿಂದಿರುಗಿ ಬಳಸಿಕೊಂಡು ಓಡುತ್ತಿತ್ತು. ಆದರೆ ಅದೇ ನಾಯಿಯ ಮೂಗಿನ ಮುಂದೆಯೇ, ಬೇಲಿಗೆ ತಗುಲಿದಂತೆ ಆಹಾರವನ್ನು ಹಾಕಿದಾಗ ಅದು ನಿಂತಲ್ಲೇ ನಿಂತುಬಿಟ್ಟಿತು. ಗುರಿಯ ಅತಿಸಾಮೀಪ್ಯವೇ ದಾರಿಯನ್ನು ಮರೆಸಿತ್ತು. ಆಗಷ್ಟೇ ನಡೆಯಲು ಕಲಿತಿದ್ದ ಒಂದೂಕಾಲು ವರ್ಷದ ಹೆಣ್ಣುಮಗುವೊಂದು ಅಂಥದೇ ಸನ್ನಿವೇಶದಲ್ಲಿ ಮೊದಲು ನೇರಕ್ಕೆ ನುಗ್ಗಿ, ಸುತ್ತ ನೋಡಿ, ನಕ್ಕು, ಬಳಸಿಕೊಂಡು ಗುರಿಯನ್ನು ಸೇರಿತು. ಕೋಳಿ, ನಾಯಿ, ಮಗು ಈ ಮೂವರ ನಡುವೆ ಇದ್ದ ಅಂತರವನ್ನು ಕೊಹ್ಲರ್ ಕಾಲಿನ ವೇಗದಿಂದ ಅಳೆಯಲಿಲ್ಲ. ಸನ್ನಿವೇಶವನ್ನು ಎಷ್ಟರ ಮಟ್ಟಿಗೆ ಇಡಿಯಾಗಿ ಕಂಡರು ಎಂಬುದರಿಂದ ಅಳೆದರು.

ಸುಲ್ತಾನ್ ಎಂಬ ಚಿಂಪಾಂಜಿಯ ಪ್ರಸಂಗ ಇವೆಲ್ಲಕ್ಕಿಂತ ಪ್ರಸಿದ್ಧ. ಸರಳುಗಳಾಚೆ ಹಣ್ಣು, ಈಚೆ ಎರಡು ಬಿದಿರುಕೋಲುಗಳು, ಯಾವುದೊಂದೂ ಹಣ್ಣಿನವರೆಗೆ ಮುಟ್ಟದು, ಸಣ್ಣ ಕೋಲು ದಪ್ಪ ಕೋಲಿನ ಟೊಳ್ಳಿನೊಳಗೆ ಸೇರುವಂಥದು. ಸುಲ್ತಾನ್ ಒಂದು ಗಂಟೆಗೂ ಮಿಕ್ಕಿ ಹೆಣಗಿತು. ಒಂದು ಕೋಲನ್ನು ಇನ್ನೊಂದರಿಂದ ತಳ್ಳಿ ಹಣ್ಣನ್ನು ಮುಟ್ಟಿಸಿತೇ ಹೊರತು ಎಳೆದುಕೊಳ್ಳಲಾಗಲಿಲ್ಲ. ಕೊಹ್ಲರ್ ಅದರ ಎದುರಿಗೇ ಕೋಲಿನ ತೂತಿನಲ್ಲಿ ಬೆರಳಿಟ್ಟು ತೋರಿಸಿದರೂ ಪ್ರಯೋಜನವಾಗಲಿಲ್ಲ. ಅವರು ನಿರಾಶರಾಗಿ ಹೊರಟುಹೋದ ಮೇಲೆ ನಡೆದದ್ದನ್ನು ಕಂಡವನು ಕಾವಲುಗಾರ. ಹಣ್ಣಿನ ಗೊಡವೆ ಬಿಟ್ಟು ಪೆಟ್ಟಿಗೆಯ ಮೇಲೆ ಕುಳಿತು ಕೋಲುಗಳೊಡನೆ ಆಡುತ್ತಿದ್ದ ಸುಲ್ತಾನನ ಕೈಗಳಲ್ಲಿ ಅವೆರಡೂ ಒಂದೇ ನೇರಕ್ಕೆ ಬಂದವು. ಅದು ಸಣ್ಣದನ್ನು ದಪ್ಪದೊಳಗೆ ತುರುಕಿ, ಎದ್ದು ಸರಳುಗಳತ್ತ ಓಡಿ, ಹಣ್ಣನ್ನು ಎಳೆಯತೊಡಗಿತು. ಕೋಲುಗಳು ಕಳಚಿಬಿದ್ದಾಗ ಮತ್ತೆ ಸೇರಿಸಿತು. ಹಣ್ಣು ಕೈಗೆ ಬಂದ ಮೇಲೂ ತಿನ್ನಲು ನಿಲ್ಲದೆ ಸುತ್ತಲಿದ್ದ ಇತರ ವಸ್ತುಗಳನ್ನೂ ಎಳೆದುಕೊಂಡಿತು.

ಇಂತಹ ವರ್ತನೆಯನ್ನು ಕೊಹ್ಲರ್ ಒಳನೋಟವೆಂದು ಕರೆದರು. ಒಳನೋಟವೆಂದರೆ ಅವರಿಗೆ ದಿವ್ಯವಾದ ಸ್ಫುರಣವಲ್ಲ, ಕ್ಷೇತ್ರದ ಸಮಗ್ರ ವಿನ್ಯಾಸಕ್ಕೆ ಅನುಗುಣವಾಗಿ ಪರಿಹಾರವೊಂದು ಆದಿಯಿಂದ ಅಂತ್ಯದವರೆಗೆ ಒಂದೇ ಓಟವಾಗಿ ಮೂಡುವುದು. ಚಿಂಪಾಂಜಿಗಳ ಮಿತಿಗಳನ್ನೂ ಅವರು ಮುಚ್ಚಿಡಲಿಲ್ಲ. ಗ್ರಾಂಡೆ ಎಂಬ ಹೆಣ್ಣು ಚಿಂಪಾಂಜಿ ನಾಲ್ಕು ಪೆಟ್ಟಿಗೆಗಳನ್ನು ಪೇರಿಸಿತು. ಆದರೆ ಭಾರದ ಸಮತೋಲವನ್ನು ಆ ಪ್ರಾಣಿಗಳಲ್ಲಿ ಯಾವುದೂ ಅರಿಯಲಿಲ್ಲ. ಪೆಟ್ಟಿಗೆಯನ್ನು ಗೋಡೆಗೆ ಒತ್ತಿ ಹಿಡಿದರೆ ನಿಂತೀತೆಂದು ನಂಬಿದ ಚಿಂಪಾಂಜಿಯೂ ಅಲ್ಲಿತ್ತು. ಇದನ್ನು ಕೊಹ್ಲರ್ ಒಳ್ಳೆಯ ತಪ್ಪು ಎಂಬ ವರ್ಗಕ್ಕೆ ಸೇರಿಸಿದರು. ಪ್ರಾಣಿ ಸಮಸ್ಯೆಯ ಅರ್ಧವನ್ನು ಕಂಡಿದೆ, ಉಳಿದರ್ಧವನ್ನು ಕಂಡಿಲ್ಲ. ಹಳೆಯ ಅಭ್ಯಾಸದ ಬಲದಿಂದ ಕಣ್ಣುಮುಚ್ಚಿ ಮಾಡುವ ತಪ್ಪಿಗೂ ಇದಕ್ಕೂ ಅಜಗಜಾಂತರ.

ಕೋಳಿಗಳ ಮೇಲಿನ ಇನ್ನೊಂದು ಪ್ರಯೋಗವು ಅಷ್ಟು ಪ್ರಸಿದ್ಧವಲ್ಲದಿದ್ದರೂ ಸಿದ್ಧಾಂತಕ್ಕೆ ಹೆಚ್ಚಿನ ಬಲ ತಂದಿತು. ಎರಡು ಬೂದುಬಣ್ಣದ ಕಾಗದಗಳಲ್ಲಿ ಹೆಚ್ಚು ಕಪ್ಪಾದುದರ ಮೇಲಿನ ಕಾಳನ್ನಷ್ಟೇ ತಿನ್ನಲು ಕೋಳಿಗಳನ್ನು ಪಳಗಿಸಲಾಯಿತು. ಅನಂತರ ಆ ಕಾಗದದ ಪಕ್ಕದಲ್ಲಿ ಅದಕ್ಕಿಂತಲೂ ಕಪ್ಪಾದುದನ್ನು ಇಟ್ಟಾಗ, ಅವು ಬಹುಮಟ್ಟಿಗೆ ಹಳೆಯದನ್ನು ಬಿಟ್ಟು ಹೊಸದನ್ನು ಆರಿಸಿಕೊಂಡವು. ಅವು ಕಲಿತದ್ದು ಒಂದು ಬಣ್ಣವನ್ನಲ್ಲ, ಎರಡು ಬಣ್ಣಗಳ ಸಂಬಂಧವನ್ನು. ಶ್ರುತಿ ಬದಲಾದರೂ ಹಾಡು ಉಳಿಯುವಂಥದೇ ನಿಯಮ ಕೋಳಿಯ ಕಣ್ಣಿನಲ್ಲಿಯೂ ಕಂಡುಬಂದಿತು.

ಈ ಶೋಧನೆಗಳು 1917 ಮತ್ತು 1918ರಲ್ಲಿ ಅಕಾಡೆಮಿಯ ಪ್ರಕಟಣೆಗಳಾಗಿ ಹೊರಬಂದವು. ವಾನರಗಳ ಬುದ್ಧಿಯನ್ನು ಕುರಿತ ಗ್ರಂಥ 1925ರಲ್ಲಿ ಇಂಗ್ಲಿಷಿಗೆ ಅನುವಾದವಾಯಿತು. 1922ರಲ್ಲಿ ಕೊಹ್ಲರ್ ಬರ್ಲಿನ್ ವಿಶ್ವವಿದ್ಯಾನಿಲಯದ ಮನೋವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಹಿಂದಿನ ಅರಮನೆಯಲ್ಲಿದ್ದ ಆ ಸಂಸ್ಥೆಯಲ್ಲಿ ವರ್ತೈಮರ್, ಕುರ್ಟ್ ಲೆವಿನ್, ಕಾರ್ಲ್ ಡುಂಕರ್ ಮುಂತಾದವರು ಸೇರಿದರು. ಮುಂದಿನ ಹತ್ತು ವರ್ಷಗಳಲ್ಲಿ ಅದು ಜಗತ್ತಿನ ಮನೋವಿಜ್ಞಾನಿಗಳಿಗೆ ಯಾತ್ರಾಸ್ಥಳವೇ ಆಯಿತು.

1933ರ ಜನವರಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದನು. ಏಪ್ರಿಲ್ 7ರ ಕಾನೂನಿನ ಪ್ರಕಾರ ಯಹೂದಿ ಪ್ರಾಧ್ಯಾಪಕರನ್ನು ಹುದ್ದೆಯಿಂದ ತೆಗೆಯತೊಡಗಿದರು. ಯುದ್ಧಸೇವೆಯ ಕಾರಣದಿಂದ ತಮಗೆ ವಿನಾಯಿತಿ ಇದ್ದರೂ ಭೌತವಿಜ್ಞಾನಿ ಜೇಮ್ಸ್ ಫ್ರಾಂಕ್ ಪ್ರತಿಭಟಿಸಿ ರಾಜೀನಾಮೆ ಕೊಟ್ಟರು. ವಿಶ್ವವಿದ್ಯಾನಿಲಯಗಳು ಮೌನವಾಗಿದ್ದವು. ಕೊಹ್ಲರ್ ಯಹೂದಿಯಲ್ಲ, ಅವರ ಹುದ್ದೆಗೆ ಯಾವ ಅಪಾಯವೂ ಇರಲಿಲ್ಲ. ಆದರೂ ಏಪ್ರಿಲ್ 28ರಂದು ಬರ್ಲಿನ್ನಿನ ದಿನಪತ್ರಿಕೆಯೊಂದರಲ್ಲಿ ಈ ವಜಾಗಳನ್ನು ಖಂಡಿಸಿ ಅವರು ಲೇಖನ ಬರೆದರು. ನಾಜಿ ಆಡಳಿತವನ್ನು ಬಹಿರಂಗವಾಗಿ ಟೀಕಿಸಿ ಜರ್ಮನಿಯಲ್ಲಿ ಅಚ್ಚಾದ ಕೊನೆಯ ಲೇಖನಗಳಲ್ಲಿ ಅದೂ ಒಂದೆಂದು ಪರಿಗಣಿತವಾಗಿದೆ. ಬಂಧನವನ್ನು ನಿರೀಕ್ಷಿಸುತ್ತ ಅವರೂ ಅವರ ಮಿತ್ರರೂ ಆ ರಾತ್ರಿಯನ್ನು ಮನೆಯಲ್ಲಿ ವಾದ್ಯಸಂಗೀತ ನುಡಿಸುತ್ತ ಕಳೆದರು. ಬಂಧಿಸಲು ಯಾರೂ ಬರಲಿಲ್ಲ. ಓದುಗರಿಂದ ಮೆಚ್ಚುಗೆಯ ಪತ್ರಗಳು ಬಂದವು.

ಅದೇ ವರ್ಷದ ನವೆಂಬರಿನಲ್ಲಿ ಉಪನ್ಯಾಸಕ್ಕೆ ಮುನ್ನ ನಾಜಿ ವಂದನೆ ಸಲ್ಲಿಸಬೇಕೆಂಬ ಆಜ್ಞೆ ಹೊರಟಿತು. ಕೊಹ್ಲರ್ ತುಂಬಿದ ಸಭಾಂಗಣದಲ್ಲಿ ಕೈಯನ್ನು ಕಾಟಾಚಾರಕ್ಕೆ ಆಡಿಸಿ, ಆ ವಂದನೆಯ ಹಿಂದಿರುವ ತತ್ತ್ವ ತಮ್ಮದಲ್ಲವೆಂದು ವಿದ್ಯಾರ್ಥಿಗಳಿಗೆ ತಿಳಿಸಿಯೇ ಪಾಠ ಆರಂಭಿಸಿದರು. ಆಮೇಲೆ ಸಂಸ್ಥೆಯ ಮೇಲೆ ತಪಾಸಣೆಗಳು, ಸಹಾಯಕರ ಮೇಲೆ ದೂರುಗಳು ಆರಂಭವಾದವು. ಸುಮಾರು ಎರಡು ವರ್ಷ ಅವರು ಅಧಿಕಾರಿಗಳಿಗೆ ಪತ್ರ ಬರೆಯುತ್ತ, ವಾದಿಸುತ್ತ ಸಂಸ್ಥೆಯನ್ನು ಕಾಯಲು ಹೆಣಗಿದರು. ಸಹಾಯಕರನ್ನು ಉಳಿಸಿಕೊಳ್ಳಲಾಗದೆಂಬುದು ಖಚಿತವಾದಾಗ, 1935ರಲ್ಲಿ ರಾಜೀನಾಮೆ ಕೊಟ್ಟು ಅಮೆರಿಕದ ಸ್ವಾರ್ತ್‌ಮೋರ್ ಕಾಲೇಜಿಗೆ ತೆರಳಿದರು. ವರ್ತೈಮರ್ ಮತ್ತು ಲೆವಿನ್ 1933ರಲ್ಲೇ ದೇಶ ಬಿಟ್ಟಿದ್ದರು. ಡುಂಕರ್ ಕೊನೆಗೆ ಅಮೆರಿಕ ಸೇರಿದರೂ 1940ರಲ್ಲಿ ತಮ್ಮ ಪ್ರಾಣವನ್ನು ತಾವೇ ತೆಗೆದುಕೊಂಡರು. ಮರದಂತೆ ಬೆಳೆದಿದ್ದ ಒಂದು ಪಂಥ ಬೇರು ಸಹಿತ ಕಿತ್ತುಹೋಯಿತು. ಸಂಶೋಧನ ವಿದ್ಯಾರ್ಥಿಗಳ ದೊಡ್ಡ ಬಳಗವಿಲ್ಲದ ಹೊಸ ನೆಲದಲ್ಲಿ ಅದು ಮತ್ತೆ ಅದೇ ಎತ್ತರಕ್ಕೆ ಬೆಳೆಯಲಿಲ್ಲ.

ಕೊಹ್ಲರ್ ಅವರ ನಿರ್ಣಯಗಳೆಲ್ಲವೂ ಕಾಲದ ಪರೀಕ್ಷೆಯಲ್ಲಿ ಉಳಿದಿಲ್ಲ. ಕೋಲುಗಳೊಡನೆ ಆಡಿದ ಪೂರ್ವಾನುಭವವಿಲ್ಲದ ಚಿಂಪಾಂಜಿಗಳಿಗೆ ಒಳನೋಟ ಸುಲಭವಾಗಿ ಬರುವುದಿಲ್ಲವೆಂದು 1945ರಲ್ಲಿ ಹರ್ಬರ್ಟ್ ಬರ್ಚ್ ತೋರಿಸಿದರು. ಹಣ್ಣಿನ ಆಸೆಯೇ ಇಲ್ಲದೆ ಚಿಂಪಾಂಜಿಗಳು ಆಟಕ್ಕಾಗಿಯೇ ಕೋಲುಗಳನ್ನು ಜೋಡಿಸುತ್ತವೆಂಬುದನ್ನು ಪಾಲ್ ಷಿಲ್ಲರ್ ಅವರ ಅಧ್ಯಯನ ತಿಳಿಸಿತು. ಬಿಡಿ ವರ್ತನೆಗಳನ್ನು ಮೊದಲೇ ಕಲಿಸಿದ್ದ ಪಾರಿವಾಳಗಳು ಪೆಟ್ಟಿಗೆಯನ್ನು ತಳ್ಳಿ ಅದರ ಮೇಲೇರಿ ಗುರಿಯನ್ನು ಕುಕ್ಕಿದ್ದು 1984ರಲ್ಲಿ ವರದಿಯಾಯಿತು. ಮೆದುಳಿನ ವಿದ್ಯುತ್ ಕ್ಷೇತ್ರಗಳೇ ಗ್ರಹಿಕೆಯ ಆಕೃತಿಗೆ ಆಧಾರವೆಂಬ ಅವರ ಊಹೆಯಂತೂ ಇನ್ನೂ ದುರ್ಬಲವಾಯಿತು. ಮಂಗದ ಮೆದುಳಿನ ಮೇಲೆ ಚಿನ್ನದ ತಗಡನ್ನಿಟ್ಟು ಕ್ಷೇತ್ರವನ್ನು ಕದಡಿದರೂ ಗ್ರಹಿಕೆ ಕೆಡಲಿಲ್ಲವೆಂದು 1951ರಲ್ಲಿ ಕಾರ್ಲ್ ಲ್ಯಾಷ್ಲಿ ಮತ್ತು ಸಂಗಡಿಗರು ಪ್ರಕಟಿಸಿದರು. ಒಳನೋಟವು ಅನುಭವವನ್ನು ಬಿಟ್ಟು ನಿಲ್ಲುವುದಿಲ್ಲ, ಅನುಭವವಷ್ಟೇ ಒಳನೋಟವಾಗುವುದೂ ಇಲ್ಲ ಎಂಬುದು ಇಂದಿನ ಬಹುಪಾಲು ವಿದ್ವಾಂಸರ ನಿಲುವು.

1959ರಲ್ಲಿ ಅಮೆರಿಕದ ಮನೋವಿಜ್ಞಾನ ಸಂಘವು ಕೊಹ್ಲರ್ ಅವರನ್ನು ಅಧ್ಯಕ್ಷರನ್ನಾಗಿ ಪಡೆಯಿತು. 1967ರ ಜೂನ್ 11ರಂದು ನ್ಯೂ ಹ್ಯಾಂಪ್‌ಷೈರ್ ಪ್ರಾಂತದ ಎನ್‌ಫೀಲ್ಡಿನಲ್ಲಿ ಅವರು ನಿಧನರಾದರು. ಮೆದುಳಿನ ಬಗೆಗಿನ ಅವರ ಊಹೆ ಬಿದ್ದುಹೋದರೂ ಅವರು ಕಲಿಸಿದ ನೋಡುವ ಕ್ರಮ ಬಿದ್ದುಹೋಗಿಲ್ಲ. ವಿದ್ಯಾರ್ಥಿಯೊಬ್ಬನು ತಪ್ಪಿದಾಗ, ಅವನು ಕಂಡ ಅರ್ಧ ಯಾವುದು, ಕಾಣದ ಅರ್ಧ ಯಾವುದು ಎಂದು ವಿಚಾರಿಸುವ ಅಧ್ಯಾಪಕನು ಅರಿಯದೆಯೇ ಕೊಹ್ಲರ್ ಅವರ ದಾರಿಯಲ್ಲಿದ್ದಾನೆ. 1933ರ ಬರ್ಲಿನ್ನಿನಲ್ಲಿ ಪ್ರಾಧ್ಯಾಪಕರನೇಕರು ತಮ್ಮ ಹುದ್ದೆ, ತಮ್ಮ ವಿಭಾಗ, ತಮ್ಮ ಪಿಂಚಣಿ ಎಂಬ ಬಿಡಿಗಳನ್ನು ಮಾತ್ರ ಕಂಡರು. ಹತ್ತಿರದ ಆಹಾರದ ಮುಂದೆ ನಿಂತ ನಾಯಿಯ ಹಾಗೆ ಅವರಿಗೆ ಬೇಲಿಯ ಉದ್ದ ಕಾಣಲಿಲ್ಲ. ಅದನ್ನು ಕಂಡು ಹೇಳಿದ ಕೆಲವರಲ್ಲಿ ಕೊಹ್ಲರ್ ಒಬ್ಬರು. ಆ ಮಾತಿಗಾಗಿ ಅವರು ತೆತ್ತ ಬೆಲೆ ಒಂದು ಸಂಸ್ಥೆ, ಒಂದು ದೇಶ ಮತ್ತು ತಾವೇ ಬೆಳೆಸಿದ ಶಿಷ್ಯರ ಬಳಗ.