ಕಡಲಿನ ನೀಲಿ, ಹೊಳೆಯ ಕೆಂಪು

ಐರಣಿಯ ಎಂಟನೇ ತರಗತಿಯ ಬೆಳಕಿನ ಪಾಠಕ್ಕೆ ನಾನು ಸಿ.ವಿ. ರಾಮನ್ನರ ಬದುಕನ್ನೇ ಪೀಠಿಕೆ ಮಾಡಿಕೊಂಡೆ. 1888ರಲ್ಲಿ ತಿರುಚಿರಾಪಳ್ಳಿಯಲ್ಲಿ ಹುಟ್ಟಿದವರು. 1907ರಿಂದ ಹಣಕಾಸು ಇಲಾಖೆಯ ಅಧಿಕಾರಿ. ಕಲ್ಕತ್ತೆಯಲ್ಲಿ ಕಚೇರಿಗೆ ಮುಂಚೆ, ಕಚೇರಿ ಮುಗಿದ ಮೇಲೆ ಪ್ರಯೋಗ. 1917ರಲ್ಲಿ ಆ ಹುದ್ದೆ ಬಿಟ್ಟು ಕಡಿಮೆ ಸಂಬಳಕ್ಕೆ ಪ್ರಾಧ್ಯಾಪಕರಾದರು.

1921ರ ಹಡಗುಯಾನದಲ್ಲಿ ಮೆಡಿಟರೇನಿಯನ್ ಕಡಲಿನ ನೀಲಿ ಅವರನ್ನು ಕಾಡಿತು. ಅದು ಆಕಾಶದ ಪ್ರತಿಫಲನವೆಂದು ಲಾರ್ಡ್ ರೇಲಿ ಹೇಳಿದ್ದರು. ರಾಮನ್ ನಿಕಾಲ್ ಪಟ್ಟಕ ಹಿಡಿದು ಮೇಲ್ಮೈಯ ಪ್ರತಿಫಲನವನ್ನು ತಡೆದು ನೋಡಿದರು. ನೀಲಿ ಹೋಗಲಿಲ್ಲ, ಇನ್ನೂ ದಟ್ಟವಾಯಿತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂದು ತೀರ್ಮಾನಿಸಿದರು. (ನೀರು ಕೆಂಪನ್ನು ಹೀರುವುದೂ ಕಾರಣವೆಂದು ನಾವು ಸೇರಿಸಿ ಹೇಳಬೇಕು.)

ಹಾಗಾದರೆ ಬಿಸಿಲಿದ್ದರೂ ಮಳೆಗಾಲದ ತುಂಗಭದ್ರೆ ಕೆಂಪೇಕೆ ಎಂದು ಒಬ್ಬ ಹುಡುಗಿ ಕೇಳಿದಳು. ವೀಕ್ಷಕರು ಹಿಂದೆ ಕೂತಿದ್ದರು. ಪಾಠಯೋಜನೆ ಬದಿಗಿಟ್ಟು, ಗಾಜಿನ ಲೋಟದಲ್ಲಿ ಹೊಳೆಮಣ್ಣು ಕದಡಿ ಟಾರ್ಚ್ ಬಿಟ್ಟೆವು. ಮಣ್ಣಿನ ಕಣಗಳು ನೀಲಿಯನ್ನು ಹೆಚ್ಚು ಹೀರಿ ಕೆಂಪನ್ನು ಚದುರಿಸುತ್ತವೆ. ಮಣ್ಣು ತಳಕ್ಕಿಳಿದಂತೆ ಬೆಳಕು ಲೋಟ ದಾಟಿ ಗೋಡೆ ಮುಟ್ಟಿತು.

ರಾಮನ್ನರಿಗೂ ಅವರ ಪ್ರಶ್ನೆ ಒಂದೇ ದಿನಕ್ಕೆ ಮುಗಿಯಲಿಲ್ಲ. ಚದುರಿದ ಬೆಳಕಿನ ಬೆನ್ನುಹತ್ತಿ, 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮವನ್ನು ಕಂಡರು; 1930ರಲ್ಲಿ ನೊಬೆಲ್. 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದವರು 1970ರಲ್ಲಿ ಅಲ್ಲೇ ತೀರಿಕೊಂಡರು.